ಮಂದೆ ಮುಂದಿದ್ದ ಬೊಮ್ಮಣ್ಣ ಹಿಂದಾದ ಕತೆ

ಬಾ ಮಗಾ, ಇತ್ಲಾಗೆ ಬಾ, ಕಂಬಳೀನ ಕಾಲ್ತನಕ ಎಳ್ಕೊ. ಇವತ್ತು ರಾಜ ಬೇಡ, ರಾಕ್ಷಸ ಬೇಡ, ಕುರಿಯೋರ ಕತೆ ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನನ್ನಜ್ಜಿಗೂ ಗೊತ್ತಿರಲಿಲ್ಲ, ಹೊಳೆಗಳಿಗೆ ಸೇತುವೆ ಇಲ್ಲದ ಕಾಲ ಅಂತ ಇಟ್ಕೊ, ಕೆಂಗುಡ್ಡದ ಬುಡದಲ್ಲಿ ಕುರಿ ಕಾಯೋರ ಒಂದು ಹಟ್ಟಿ ಇತ್ತಂತೆ. ಆ ಹಟ್ಟೀಲಿ ಬೊಮ್ಮಣ್ಣ ಅನ್ನೋನು ಒಬ್ಬ ಇದ್ದನಂತೆ. ಅವನ ಹೆಂಡ್ತಿ ಗಿರಿಯಕ್ಕ, ತಮ್ಮ ಬೋರ, ಮೂರೇ ಜನ. ಬೋರನಿಗೆ ಮದುವೆ ಆಗಿರಲಿಲ್ಲ, ಅಣ್ಣನ ಮನೆ ಪಕ್ಕದಲ್ಲೇ ಒಂದು ಗುಡಿಸಲು ಹಾಕ್ಕೊಂಡು, ಊಟಕ್ಕೆ ಅತ್ತಿಗೆ ಹತ್ರ ಬರ್ತಿದ್ದನಂತೆ.

ಸುಗ್ಗಿ ಮುಗಿದು ಹುಲ್ಲು ಒಣಗ್ತು ಅಂದ್ರೆ ಹಟ್ಟಿಯ ಅಷ್ಟೂ ಕುರಿ ಒಂದೇ ಮಂದೆಯಾಗಿ ಪಡುವಲ ಕಡೆ ಗದ್ದೆ ಸೀಮೆಗೆ ಹೊರಡೋದಂತೆ. ಅಲ್ಲಿ ಕೊಯ್ದ ಪೈರಿನ ಕೂಳೆ ಮೇಯ್ಸಿಕೊಂಡು, ಗದ್ದೆಯೋರ ನೆಲದಲ್ಲಿ ಮಂದೆ ತಂಗಿಸಿ, ಗೊಬ್ಬರ ಬಿಟ್ಟಿದ್ದಕ್ಕೆ ಅವರು ಕೊಟ್ಟ ಕಾಳು ಕಟ್ಕೊಂಡು, ಮುಂಗಾರು ಹಿಡಿಯೋದರೊಳಗೆ ಹೊಳೆ ದಾಟಿ ವಾಪಸ್ ಬರೋದು. ಮಂದೆಗೆ ಮುಂದಾಳು ಒಬ್ಬ, ಹಿಂದಾಳು ಒಬ್ಬ. ಮುಂದಾಳು ದಾರಿ ತೋರಿಸೋನು, ಹಿಂದಾಳು ಕುಂಟಿದ್ದನ್ನ, ಈದಿದ್ದನ್ನ, ಹಿಂದೆ ಬಿದ್ದಿದ್ದನ್ನ ಕೂಡಿಸ್ಕೊಂಡು ಬರೋನು. ಮುಂದಾಳು ಬೊಮ್ಮಣ್ಣ, ಹಿಂದಾಳು ಬೋರ.

ಬೊಮ್ಮಣ್ಣ ಅಂದ್ರೆ ಹಟ್ಟಿಗೇ ನಂಬಿಕೆ ಅಂತೆ. ಅವನು ಹಿಡಿದ ದಾರೀಲಿ ನೀರು ಸಿಕ್ತಿತ್ತು, ಅವನು ನಿಲ್ಲಿಸಿದ ಜಾಗಕ್ಕೆ ತೋಳ ಬರ್ತಿರಲಿಲ್ಲ. ವರ್ಷ ವರ್ಷ ಹಾಗೇ ನಡೀತು. ಆಮೇಲೆ ಏನಾಯ್ತು ಅಂದ್ರೆ, ಅವನಿಗೆ ಕೇಳೋ ಅಭ್ಯಾಸ ತಪ್ಪಿ ಹೋಯ್ತಂತೆ. ಮೊದಲು ಹಟ್ಟಿಯ ಹಿರೀಕರನ್ನ ಕೇಳೋದು ಬಿಟ್ಟ, ಆಮೇಲೆ ಹೆಂಡ್ತೀನ ಕೇಳೋದು ಬಿಟ್ಟ, ಕೊನೆಗೆ ತಮ್ಮನ್ನೂ ಬಿಟ್ಟ. ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ, ಎಲ್ಲಾ ಸರಿಯಾಗೇ ನಡೀತಿತ್ತಲ್ಲ.

ಹೀಗಿರುವಾಗ ಒಂದು ವರ್ಷ ಮಂದೆ ವಾಪಸ್ ಬರೋವಾಗ ಹೊಳೆ ದಡಕ್ಕೆ ಬಂದು ನಿಂತ್ಕೊಂತಂತೆ. ನೆತ್ತಿ ಮೇಲೆ ಬಿಸಿಲು, ಮೋಡದ ಚೂರೂ ಇಲ್ಲ. ಹೊಳೇಲಿ ಮೊಣಕಾಲುದ್ದ ನೀರು, ನಡುವೆ ಮರಳು ದಿಬ್ಬ. ಬೋರ ಹಿಂದಿನಿಂದ ಓಡಿ ಬಂದು ನೀರಿನ ಕಡೆ ನೋಡಿ, ಅಣ್ಣಾ, ನೊರೆ ಬರ್ತಿದೆ, ತರಗು ತೇಲಿ ಬರ್ತಿದೆ, ಘಟ್ಟದಲ್ಲಿ ಮಳೆ ಬಿದ್ದಿರಬೇಕು, ಇವತ್ತು ಈ ದಡದಲ್ಲೇ ತಂಗೋಣ ಅಂದನಂತೆ. ಗಿರಿಯಕ್ಕನೂ ಪಾತ್ರೆ ಹೊರೆ ಇಳಿಸಿ, ಹೌದು, ನಾಳೆ ನೋಡೋಣ ಅಂದಳಂತೆ. ಸುತ್ತ ಹಟ್ಟಿಯೋರೆಲ್ಲ ನಿಂತಿದ್ದರು. ಬೊಮ್ಮಣ್ಣ ನಕ್ಕುಬಿಟ್ಟು, ಇಷ್ಟು ವರ್ಷ ನಾನು ನಿಮ್ಮನ್ನ ಮುಳುಗಿಸಿದ್ದೀನಾ, ನಡೀರಿ ಅಂದು ನೀರಿಗೆ ಇಳಿದನಂತೆ. ಅವನ ಹಿಂದೆ ಗಂಟೆ ಟಗರು, ಟಗರಿನ ಹಿಂದೆ ಅಷ್ಟೂ ಮಂದೆ.

ಅರ್ಧ ಮಂದೆ ಆ ದಡ ಸೇರಿತ್ತು, ಅರ್ಧ ನಡು ಹೊಳೇಲಿತ್ತು, ಆಗ ಮೇಲಿನಿಂದ ಕೆಂಪು ನೀರು ಗೋಡೆ ಥರ ಬಂತಂತೆ. ಕುರಿ ಕೂಗೋದೂ ಕೇಳಿಸಲಿಲ್ಲವಂತೆ, ನೀರಿನ ಸದ್ದು ಅಷ್ಟಿತ್ತು. ಬೋರ ಕಂಕುಳಲ್ಲಿ ಎರಡು ಮರಿ ಹಿಡ್ಕೊಂಡು ಹಿಂದಿನ ಕುರಿಗಳನ್ನ ಮುಂದಕ್ಕೆ ದಬ್ತಾ ದಬ್ತಾ ಬರ್ತಿದ್ದನು, ತೇಲಿ ಬಂದ ಮರದ ದಿಮ್ಮಿ ಅವನ ಮೊಣಕಾಲಿಗೆ ಬಡಿದು, ಕಾಲು ನುಚ್ಚಾಗಿ ಹೋಯ್ತಂತೆ. ಹಗ್ಗ ಎಸೆದು ಅವನನ್ನ ಎಳ್ಕೊಂಡರು, ಜೀವ ಉಳೀತು. ಕುರಿ ಹೋದವು. ನಡುವಿನ ಮರಳು ದಿಬ್ಬದ ಹತ್ರ ನಿಂತುಬಿಟ್ಟಿದ್ದ ಟಗರೂ ಹೋಯ್ತು. ತಿಪ್ಪಕ್ಕ ಅಂತ ಒಬ್ಬಳು ಗಂಡ ಸತ್ತ ಹೆಂಗಸು, ಅವಳ ಕುರಿ ಅಷ್ಟೂ ಹೋದವಂತೆ, ಒಂದು ಮರಿಯೂ ಮಿಗಲಿಲ್ಲ.

ಅಳಬೇಡ ಮಗಾ, ಕೇಳು, ಕತೆ ಇನ್ನೂ ಇದೆ.

ಹಟ್ಟಿಗೆ ಬಂದಮೇಲೆ ಬೇವಿನಮರದ ಕಟ್ಟೆ ಹತ್ರ ಜನ ಸೇರಿದರಂತೆ. ಹಟ್ಟಿ ಯಜಮಾನ ಮೆತ್ತಗೆ ಕೇಳಿದ, ಏನಾಯ್ತಪ್ಪಾ ಹೇಳು ಅಂತ. ಬೊಮ್ಮಣ್ಣ ಮೊದಲು ಹೊಳೆ ಮೇಲೆ ಹಾಕಿದ, ಅಂಥ ಬಿಸಿಲಲ್ಲಿ ಹೊಳೆ ಬರುತ್ತೆ ಅಂತ ಯಾರಿಗೆ ಗೊತ್ತು ಅಂದ. ಜನ ಸುಮ್ಮನಿದ್ದರು. ಆಮೇಲೆ ಟಗರಿನ ಮೇಲೆ ಹಾಕಿದ, ಅದು ನಡು ಹೊಳೇಲಿ ನಿಂತ್ಕೊಂತು, ಅದಕ್ಕೇ ಹಿಂದಿನವು ಸಿಕ್ಕೊಂಡವು ಅಂದ. ಆಗಲೂ ಸುಮ್ಮನಿದ್ದರು. ಆ ಸುಮ್ಮನಿರೋದನ್ನ ತಡ್ಕೊಳ್ಳೋಕಾಗದೆ ಬಾಯಿಂದ ಮೂರನೇ ಮಾತು ಬಂದುಬಿಡ್ತಂತೆ, ನಮ್ಮ ಬೋರ ಹೆದರಿ ಹಿಂದಿನ ಕುರಿಗಳನ್ನ ತಿರುಗಿಸಿಬಿಟ್ಟ, ಇಲ್ಲದಿದ್ರೆ ದಾಟಿಬಿಡ್ತಿದ್ವು ಅಂತ.

ಬೋರ ಅಲ್ಲಿರಲಿಲ್ಲ, ಗುಡಿಸಲಲ್ಲಿ ಕಾಲಿಗೆ ಬಿದಿರು ಕಟ್ಟಿಸ್ಕೊಂಡು ಮಲಗಿದ್ದ. ಯಜಮಾನ, ಯಾರ ತಪ್ಪೇ ಇರಲಿ ಬೊಮ್ಮಣ್ಣ, ಮುಂದೆ ನಿಂತೋನು ನೀನು, ಇನ್ನು ನೀನು ಸುಧಾರಿಸ್ಕೊ, ಮಂದೆ ದೊಡ್ಡೀರ ನೋಡ್ಕೊಳ್ಳಲಿ ಅಂದನಂತೆ. ದೊಡ್ಡೀರ ಅಂದ್ರೆ ಇವನ ಕೈಕೆಳಗೇ ದಾರಿ ಕಲಿತೋನು.

ಮನೆಗೆ ಬಂದ. ಗಿರಿಯಕ್ಕ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಅವನು ಉಂಡು ಕೈ ತೊಳೆಯೋ ತನಕ ಕಾದಳಂತೆ. ಆಮೇಲೆ ಅಂದಳಂತೆ, ನಾನು ದಡದಲ್ಲೇ ನಿಂತಿದ್ದೆ, ಬೋರ ಕುರಿ ತಿರುಗಿಸಲಿಲ್ಲ. ಅಷ್ಟು ಜನದ ಮುಂದೆ ನಿಮ್ಮ ಮಾತು ಸುಳ್ಳು ಅನ್ನೋಕೆ ನನಗೆ ಬಾಯಿ ಬರಲಿಲ್ಲ, ಇಲ್ಲಿ ಹೇಳ್ತಿದ್ದೀನಿ. ಅವನಿಗೆ ನೀರು ಕೊಡೋರೂ ಇಲ್ಲ, ನಾನು ಅಲ್ಲಿರ್ತೀನಿ ಅಂತ ಹೇಳಿ, ತನ್ನ ಕಂಬಳಿ ಮಡಚಿ ಕಂಕುಳಲ್ಲಿಟ್ಕೊಂಡು ಪಕ್ಕದ ಗುಡಿಸಲಿಗೆ ಹೋಗಿಬಿಟ್ಟಳಂತೆ. ದೂರ ಎಷ್ಟು, ಕೂಗಿದರೆ ಕೇಳಿಸೋಷ್ಟು. ಆದರೆ ಬೊಮ್ಮಣ್ಣ ಕೂಗಲಿಲ್ಲ.

ಆಮೇಲೆ ನೋಡು, ಯಾರೂ ಅವನಿಗೆ ಬಯ್ಯಲಿಲ್ಲ, ಮೈಮೇಲೆ ಹೋಗಲಿಲ್ಲ. ಅವನು ಕಟ್ಟೆಗೆ ಬಂದು ಕೂತ್ರೆ ಜಾಗ ಬಿಡೋರು, ಆದರೆ ಆಡ್ತಿದ್ದ ಮಾತು ನಿಲ್ಲಿಸಿ ಬಿಸಿಲು ಜೋರಲ್ವಾ ಅನ್ನೋರು. ದಾರಿ ಕೇಳೋಕೆ ಯಾರೂ ಬರಲಿಲ್ಲ. ಬಯ್ದಿದ್ರೆ ತಿರುಗಿ ಬಯ್ಯಬಹುದಿತ್ತು, ಇದಕ್ಕೆ ಏನು ಮಾಡ್ತಾನೆ. ಒಬ್ಬನೇ ಒಲೆ ಹಚ್ಕೊಂಡು ಒಬ್ಬನೇ ಗಂಜಿ ಕುಡ್ಕೊಂಡು, ನನಗೆ ಯಾಕೆ ಹೀಗಾಯ್ತು, ನನಗೇ ಯಾಕೆ ಹೀಗಾಯ್ತು ಅಂತ ಕೊರಗಿ ಕೊರಗಿ, ಕೊನೆಗೆ ಇದನ್ನ ಯಾರನ್ನಾದರೂ ಕೇಳಲೇಬೇಕು ಅಂತ ಬುತ್ತಿ ಕಟ್ಕೊಂಡು ಹಟ್ಟಿ ಬಿಟ್ಟು ಹೊರಟನಂತೆ.

ಮೊದಲು ಹೋಗಿದ್ದು ಬೆಟ್ಟದ ಮೇಲಿನ ದೇವರ ಪೂಜಾರಿ ಹತ್ರ. ಪೂಜಾರಿ ಅಕ್ಕಿ ಕಾಳು ಎಣಿಸಿ, ಕಣ್ಣು ಮುಚ್ಚಿ ತೆಗೆದು, ನಿನ್ನ ಮೇಲೆ ಕಣ್ಣು ಬಿದ್ದಿದೆಯಪ್ಪಾ, ನಿನ್ನ ಏಳಿಗೆ ನೋಡಿ ಸಹಿಸದೇ ಇರೋರು ಯಾರೋ ಇದ್ದಾರೆ ಅಂತ ಹೇಳಿ ಕೈಗೆ ಕರಿದಾರ ಕಟ್ಟಿದನಂತೆ. ಬೊಮ್ಮಣ್ಣನಿಗೆ ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಅವತ್ತು ಹೊಟ್ಟೆ ತುಂಬಾ ಉಂಡ, ಗುಡಿ ಜಗಲೀಲಿ ಚೆನ್ನಾಗಿ ನಿದ್ದೆ ಮಾಡಿದ. ಬೆಳಿಗ್ಗೆ ಎದ್ದು ಮೆಟ್ಟಿಲು ಇಳೀತಾ ಇದ್ದಾಗ, ಎದುರಿಗೆ ಒಬ್ಬ ಮುದುಕ ಒಂದೊಂದೇ ಮೆಟ್ಟಿಲಿಗೆ ಕೂತು ಎದ್ದು ಹತ್ತಿ ಬರ್ತಿದ್ದನಂತೆ. ಅವನ ಕಾಲು ನೋಡಿದ್ದೇ ತಡ ಬೊಮ್ಮಣ್ಣನಿಗೆ ಒಂದು ಯೋಚನೆ ಹೊಕ್ಕಿತು. ಕಣ್ಣು ಬಿದ್ದಿದ್ದು ನನಗಾದರೆ, ಕಾಲು ಮುರಿದದ್ದು ಬೋರನದ್ಯಾಕೆ? ಕುರಿ ಹೋಗಿದ್ದು ತಿಪ್ಪಕ್ಕಂದ್ಯಾಕೆ? ಕಲ್ಲು ಮತ್ತೆ ಎದೆ ಮೇಲೆ ಬಂದು ಕೂತ್ಕೊಂತಂತೆ.

ಆಮೇಲೆ ಎರಡನೇದಾಗಿ ಒಂದು ಊರಿಗೆ ಹೋದ, ಅಲ್ಲೊಬ್ಬ ಮುದಿ ದಳವಾಯಿ ಇದ್ದನಂತೆ. ದಳವಾಯಿ ಅಂದ್ರೆ ದಂಡಿಗೆ ದೊಡ್ಡೋನು. ಹಿಂದೆ ಯಾವಾಗಲೋ ಒಂದು ಕೋಟೆ ಕಾಯ್ತಿದ್ದ, ಕೋಟೆ ಕಳಕೊಂಡ, ಈಗ ಊರ ಮುಂದಿನ ಮಂಟಪದಲ್ಲಿ ಕೂತು ಬಂದೋರಿಗೆ ಬುದ್ಧಿ ಹೇಳ್ತಾನೆ ಅಂತ ಜನ ಹೇಳಿದ್ದರು. ತನ್ನ ಹಾಗೇ ಮೇಲಿದ್ದು ಬಿದ್ದೋನು, ಇವನಿಗೆ ಗೊತ್ತಿರುತ್ತೆ ಅಂತ ಬೊಮ್ಮಣ್ಣ ಕೈಮುಗಿದು ಕೂತ್ಕೊಂಡ. ದಳವಾಯಿ ಇವನ ಕಷ್ಟ ಕೇಳಲೇ ಇಲ್ಲವಂತೆ, ತನ್ನದೇ ಶುರುಮಾಡಿದ. ಬಾಗಿಲು ಕಾಯೋನು ಕುಡಿದು ಮಲಗಿಬಿಟ್ಟ, ಕೋವಿ ಮದ್ದಿನ ಮನೆಯೋನು ಮದ್ದು ನೆನೆಯೋಕೆ ಬಿಟ್ಟ, ದೊರೆಯ ಭಾವಮೈದ ಗುಟ್ಟು ಮಾರಿಕೊಂಡ, ಇಲ್ಲದಿದ್ರೆ ಆ ಕೋಟೇನ ಯಾವನು ಹಿಡೀತಿದ್ದ ಅಂತ. ಅವತ್ತು ಅದೇ ಹೇಳಿದ, ಮಾರನೇ ದಿನವೂ ಅದೇ ಹೇಳಿದ, ಅದರ ಮಾರನೇ ದಿನವೂ ಅದೇ, ಒಂದು ಮಾತು ಆಚೆಯಿಲ್ಲ ಈಚೆಯಿಲ್ಲ. ಊರೋರು ಮಂಟಪದ ಮುಂದೆ ಹೋಗೋವಾಗ ತಲೆ ತಗ್ಗಿಸ್ಕೊಂಡು ಬೇಗ ಬೇಗ ಹೋಗ್ತಿದ್ದರಂತೆ.

ಬೊಮ್ಮಣ್ಣ ಕೊನೆಗೆ ಕೇಳಿದನಂತೆ, ಒಡೆಯಾ, ಅವತ್ತು ನೀವು ಎಲ್ಲಿದ್ರಿ? ದಳವಾಯಿ ಕೋಲು ಊರ್ಕೊಂಡು, ಊಟದ ಹೊತ್ತಾಯ್ತು ಅಂತ ಎದ್ದು ಹೋದನಂತೆ. ಬೊಮ್ಮಣ್ಣ ಆ ಖಾಲಿ ಮಂಟಪದಲ್ಲಿ ಕೂತೇ ಇದ್ದ. ಇವನೂ ಮೂರು ಜನದ ಮೇಲೆ ಹಾಕ್ತಾನೆ, ನಾನೂ ಮೂರರ ಮೇಲೆ ಹಾಕ್ದೆ. ಇನ್ನು ಇಪ್ಪತ್ತು ವರ್ಷಕ್ಕೆ ನಾನೂ ಬೇವಿನ ಕಟ್ಟೆ ಮೇಲೆ ಹೀಗೇ ಕೂತಿರ್ತೀನಿ, ದೊಡ್ಡೀರನ ಮಕ್ಕಳು ನನ್ನ ನೋಡಿ ಬೇಗ ಬೇಗ ನಡೀತಾರೆ ಅನ್ನಿಸ್ತಂತೆ.

ಮೂರನೇ ಸಲ ಯಾರ ಹತ್ರವೂ ಹೋಗಲಿಲ್ಲ. ಹೊಳೆ ಹತ್ರ ಹೋದ. ಆಗ ಮಳೆಗಾಲ ಕಳೆದು ಹೊಳೆ ಇಳಿದಿತ್ತು, ನಡು ಮಧ್ಯಾಹ್ನ, ಒಂದು ನರಪಿಳ್ಳೆ ಇಲ್ಲ. ದಾಟಿದ್ದ ಜಾಗದಲ್ಲೇ ಒಂದು ಬಂಡೆ ಮೇಲೆ ಕೂತು, ಎದುರಿಗೆ ಜನ ಇದ್ದ ಹಾಗೆ, ನಡೆದದ್ದನ್ನ ಬಾಯಿಬಿಟ್ಟು ಹೇಳೋಕೆ ಶುರುಮಾಡಿದನಂತೆ. ಹೊಳೆ ತಪ್ಪು ಅಂತ ಹೇಳಿದ. ಹೊಳೆ ಹರೀತಾ ಇತ್ತು. ಟಗರಿನ ತಪ್ಪು ಅಂತ ಹೇಳಿದ. ಹೊಳೆ ಹರೀತಾ ಇತ್ತು. ಬೋರ ಹೆದರಿ ತಿರುಗಿಸಿದ ಅಂತ ಅನ್ನೋಕೆ ಹೋಗಿ, ಬೋರ ಅನ್ನೋ ಹೆಸರಿಗೇ ನಿಲ್ಲಿಸಿಬಿಟ್ಟನಂತೆ. ಹಟ್ಟೀಲಾದರೆ ನಂಬಿಸೋಕೆ ಜನ ಇದ್ದರು, ಮಾತು ಮುಂದಕ್ಕೆ ಹೋಗ್ತಿತ್ತು. ಇಲ್ಲಿ ನಂಬಿಸೋಕೆ ಯಾರೂ ಇಲ್ಲ. ಬರೀ ಸುಳ್ಳನ್ನ ಎಷ್ಟೂಂತ ಒಬ್ಬನೇ ಎತ್ಕೊಂಡಿರ್ತಾನೆ ಹೇಳು.

ಆಗ ಏನು ಮಾಡಿದ ಅಂದ್ರೆ, ಅವತ್ತಿನ ಹಾಗೇ ಎದ್ದು ನಿಂತು ನೀರಿಗೆ ಕಾಲಿಟ್ಟನಂತೆ. ನೀರು ಬೆಚ್ಚಗಿತ್ತು. ಬಿಸಿಲಿಗೆ ಕಾದ ಹೊಳೆ ನೀರು ಬೆಚ್ಚಗೇ ಇರಬೇಕು. ಕಾಲು ನೀರಲ್ಲಿಟ್ಕೊಂಡು ಹಾಗೇ ನಿಂತ, ನಿಂತ ಹಾಗೇ ನೆನಪಾಯ್ತಂತೆ. ಅವತ್ತು ನೀರು ತಣ್ಣಗಿತ್ತು. ಅಷ್ಟು ಬಿಸಿಲಲ್ಲಿ ಹೆಬ್ಬೆರಳು ಕೊರೆಯೋ ಹಾಗೆ ತಣ್ಣಗಿತ್ತು, ಘಟ್ಟದ ಮಳೆ ನೀರು ಅಂತ ಆ ಕಾಲಿಗೆ ಗೊತ್ತಾಗಿತ್ತು. ಇಟ್ಟ ಕಾಲನ್ನ ಅವನು ಹಿಂದಕ್ಕೆ ತೆಗೆದಿದ್ದ. ತೆಗೆದು ತಿರುಗಿ ನೋಡಿದ್ದ. ಹಟ್ಟಿಯೋರೆಲ್ಲ ಇವನನ್ನೇ ನೋಡ್ತಿದ್ದರು, ಬೋರನೂ ನೋಡ್ತಿದ್ದ. ಈಗ ಹಿಂದೆ ಸರಿದ್ರೆ ಬೋರ ಹೇಳಿದ್ದೇ ಸರಿ ಅಂತ ಆಗುತ್ತಲ್ಲ ಅನ್ನಿಸಿ, ಕಾಲನ್ನ ಮತ್ತೆ ನೀರಿಗಿಟ್ಟಿದ್ದ.

ಗೊತ್ತಿಲ್ಲದೆ ಆಗಿದ್ದಲ್ಲ ಮಗಾ. ಗೊತ್ತಿತ್ತು.

ಅಲ್ಲೇ ಮರಳ ಮೇಲೆ ಕುಕ್ಕರುಗಾಲಲ್ಲಿ ಕೂತು ಬೊಮ್ಮಣ್ಣ ಅತ್ತನಂತೆ. ಕುರಿ ಹೋದಾಗ ಅತ್ತಿರಲಿಲ್ಲ, ಹೆಂಡ್ತಿ ಹೋದಾಗ ಅತ್ತಿರಲಿಲ್ಲ, ಅವತ್ತು ಅತ್ತ. ಅತ್ತು ಮುಖ ತೊಳ್ಕೊಂಡು, ಕೈಯಲ್ಲಿದ್ದ ಕರಿದಾರ ಬಿಚ್ಚಿ ನೀರಿಗೆ ಬಿಟ್ಟು ಹಟ್ಟಿ ದಾರಿ ಹಿಡಿದನಂತೆ.

ಸಂಜೆಗೆ ಹಟ್ಟಿ ಸೇರಿ, ತನ್ನ ಮನೆಗೆ ಹೋಗದೆ ನೆಟ್ಟಗೆ ತಮ್ಮನ ಗುಡಿಸಲಿಗೆ ಹೋದ. ಗಿರಿಯಕ್ಕ ಹೊಸ್ತಿಲಲ್ಲಿ ಕೂತು ರಾಗಿ ಕೇರ್ತಿದ್ದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬೋರ ಒಳಗೆ ಕಾಲು ಚಾಚ್ಕೊಂಡು ಉಣ್ಣೆ ನೂಲ್ತಿದ್ದನಂತೆ. ಕಾಲು ಕೂಡಿತ್ತು, ಆದರೆ ಮಡಚೋಕೆ ಬರ್ತಿರಲಿಲ್ಲ. ಬೊಮ್ಮಣ್ಣ ಕೂತ್ಕೊಂಡು, ತಮ್ಮಾ, ಅವತ್ತು ನೀರು ತಣ್ಣಗಿತ್ತು, ನನಗೆ ಗೊತ್ತಾಗಿತ್ತು, ಗೊತ್ತಾಗಿಯೂ ಇಳಿಸಿದೆ. ಆಮೇಲೆ ನಿನ್ನ ಹೆಸರು ಹೇಳ್ದೆ ಅಂದ.

ಬೋರ ನೂಲೋದು ನಿಲ್ಲಿಸಿ ಅಣ್ಣನ ಮುಖ ನೋಡಿ, ನನಗೆ ಗೊತ್ತು ಕಣಣ್ಣಾ, ನೀನು ಕಾಲಿಟ್ಟು ಹಿಂದಕ್ಕೆ ತೆಗೆದೆ, ಆಮೇಲೆ ಮತ್ತೆ ಇಟ್ಟೆ, ನಾನು ನೋಡಿದ್ದೆ ಅಂದನಂತೆ.

ನೋಡಿದ್ದೋನು ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದ ಬೊಮ್ಮಣ್ಣ.

ಹೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳಬೇಕಾಗ್ತಿತ್ತು ಅಂದನಂತೆ ಬೋರ.

ಅಷ್ಟು ಹೇಳಿ ಮತ್ತೆ ನೂಲೋಕೆ ಶುರುಮಾಡಿದ. ಪರವಾಗಿಲ್ಲ ಬಿಡು ಅಂತ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಬೊಮ್ಮಣ್ಣ ಅವನ ಪಕ್ಕದಲ್ಲೇ ಕೂತು ಕತ್ತಲಾಗೋ ತನಕ ಉಣ್ಣೆ ಬಿಡಿಸಿ ಬಿಡಿಸಿ ಕೊಟ್ಟನಂತೆ. ಗಿರಿಯಕ್ಕ ಅವತ್ತು ಮೂರು ಮುದ್ದೆ ಕಟ್ಟಿದಳಂತೆ. ಉಂಡಮೇಲೆ ಮಾತ್ರ, ನೀವು ನಿಮ್ಮ ಮನೆಗೆ ಹೋಗಿ ಮಲಗಿ ಅಂದಳು. ಅವನು ಹೋಗಿ ಮಲಗಿದ.

ಬೆಳಿಗ್ಗೆ ಕಟ್ಟೆ ಹತ್ರ ಜನ ಕೂಡಿಸಿ, ತಮ್ಮನ ಮುಂದೆ ಹೇಳಿದ್ದನ್ನೇ ಅಲ್ಲೂ ಹೇಳಿದ, ಒಂದು ಮಾತು ಕಡಿಮೆ ಮಾಡಲಿಲ್ಲ. ತಿಪ್ಪಕ್ಕ ಎದ್ದು ನಿಂತ್ಕೊಂಡು, ನಿನ್ನ ಕಾಲಿಗೆ ಗೊತ್ತಾಗಿದ್ದು ನಿನ್ನ ಬಾಯಿಗೆ ಬರೋಕೆ ಇಷ್ಟು ತಿಂಗಳು ಬೇಕಾಯ್ತಾ, ನನ್ನ ಕುರಿ ನಿನ್ನ ಮಾತು ಕೇಳಿ ಎದ್ದು ಬರ್ತವಾ ಅಂತ ಬಾಯಿಗೆ ಬಂದಂಗೆ ಬಯ್ದಳಂತೆ. ಬೊಮ್ಮಣ್ಣ ನಿಂತು ಅಷ್ಟನ್ನೂ ಕೇಳಿಸ್ಕೊಂಡ. ಎಷ್ಟೋ ತಿಂಗಳ ಮೇಲೆ ಹಟ್ಟಿಯ ಒಂದು ಜೀವ ಅವನ ಹತ್ರ ಬಿಸಿಲು ಜೋರು ಅನ್ನೋದು ಬಿಟ್ಟು ಬೇರೆ ಮಾತಾಡಿತ್ತು. ಯಜಮಾನ, ಈಗ ನೀನೇನು ಮಾಡ್ತೀಯಪ್ಪಾ ಅಂತ ಕೇಳಿದ. ಬೋರನ ಜಾಗ ಖಾಲಿ ಇದೆ, ಮಂದೆ ಹಿಂದೆ ನಡೀತೀನಿ, ನನ್ನ ಪಾಲಿಗೆ ಹುಟ್ಟೋ ಮರಿ ತಿಪ್ಪಕ್ಕನ ದೊಡ್ಡಿಗೆ ಹೋಗಲಿ ಅಂದನಂತೆ.

ಆಮೇಲೆ ಬೊಮ್ಮಣ್ಣ ಮೂರು ಸುಗ್ಗಿ ಮಂದೆ ಹಿಂದೆ ನಡೆದನಂತೆ. ಮುಂದೆ ದೊಡ್ಡೀರ, ಹಿಂದೆ ಇವನು. ಹಿಂದೆ ನಡೆಯೋನಿಗೆ ಬರೀ ಧೂಳು. ಕುಂಟೋ ಕುರಿ, ಕೆಮ್ಮೋ ಕುರಿ, ದಾರೀಲೇ ಈಯೋ ಕುರಿ, ಎಲ್ಲಾ ಅವನ ಪಾಲಿಗೆ. ಮುಂದಿನೋನು ಒಂದು ಗುಡ್ಡ ಬೇಗ ಹತ್ತಿಬಿಟ್ರೆ ಹಿಂದಿನ ಮರಿಗಳ ಗತಿ ಏನಾಗುತ್ತೆ ಅಂತ ಮೊದಲ ಸಲ ಕಣ್ಣಾರೆ ನೋಡಿದ, ಇಷ್ಟು ವರ್ಷ ಬೋರ ಇದನ್ನೆಲ್ಲಾ ಎತ್ಕೊಂಡು ಬಂದು ಒಂದು ಮಾತೂ ಆಡಿರಲಿಲ್ಲವಲ್ಲ ಅಂತ ನಡೀತಾ ನಡೀತಾ ಅಂದ್ಕೊಳ್ಳೋನಂತೆ. ಹಟ್ಟಿಗೆ ಬಂದಾಗೆಲ್ಲಾ ಬೋರನ ಹತ್ರ ಕೂತು ದಾರೀಲಿ ಆಗಿದ್ದೆಲ್ಲಾ ಹೇಳೋನು. ಬೋರ ಮೊದಮೊದಲು ಹೂಂ ಅಂತಿದ್ದ, ಆಮೇಲೆ ಹಾಗಲ್ಲಣ್ಣಾ, ಆ ಕುರೀಗೆ ಬೇವಿನೆಣ್ಣೆ ಹಚ್ಚಬೇಕಿತ್ತು ಅನ್ನೋಕೆ ಶುರುಮಾಡಿದನಂತೆ. ಎರಡನೇ ಸುಗ್ಗಿ ಕಳೆದಮೇಲೆ ಗಿರಿಯಕ್ಕ ಕಂಬಳಿ ಮಡಚ್ಕೊಂಡು, ನಾನು ಬರೋದಾದರೆ ಬೋರನ್ನ ಬಿಟ್ಟು ಬರಲ್ಲ ಅಂದಳು. ಬೊಮ್ಮಣ್ಣ ತಮ್ಮನ್ನ ಬೆನ್ನ ಮೇಲೆ ಹೊತ್ಕೊಂಡು ಮನೆಗೆ ಕರ್ಕೊಂಡು ಬಂದನಂತೆ. ಆ ಗುಡಿಸಲು ಆಮೇಲೆ ಮರಿ ಕಟ್ಟೋಕೆ ಆಯ್ತು.

ನಾಲ್ಕನೇ ಸುಗ್ಗಿ ಮುಗಿದಾಗ ದೊಡ್ಡೀರನೇ ಮನೆಗೆ ಬಂದು, ಅಣ್ಣಾ, ಮನೇಲಿ ಹೆಂಡ್ತಿ ಬಾಣಂತಿ, ಈ ಸಲ ನಾನು ಹೊರಡೋಕಾಗಲ್ಲ, ಹಟ್ಟಿಯೋರೆಲ್ಲಾ ನಿನ್ನನ್ನೇ ಕೇಳು ಅಂತಿದ್ದಾರೆ ಅಂದನಂತೆ. ಮೊದಲಿನ ಬೊಮ್ಮಣ್ಣ ಆಗಿದ್ರೆ ಅಲ್ಲೇ ಎದ್ದು ನಿಲ್ಲೋನು. ಇವನು ಒಳಗೆ ಹೋಗಿ, ಏನು ಮಾಡಲಿ ಅಂತ ಇಬ್ಬರನ್ನೂ ಕೇಳಿದ. ಬೋರ ಹೋಗಣ್ಣಾ ಅಂದ. ಗಿರಿಯಕ್ಕ ಒಲೆ ಊದ್ತಾ, ಹೋಗಿ, ಆದರೆ ನಿಮಗೆ ಎದುರು ಮಾತಾಡೋರನ್ನ ಹಿಂದೆ ಇಟ್ಕೊಳ್ಳಿ ಅಂದಳಂತೆ.

ಅಂಥೋರು ಹಟ್ಟೀಲಿ ಯಾರಿದ್ದಾರೆ. ಬೊಮ್ಮಣ್ಣ ತಿಪ್ಪಕ್ಕನ ಮನೆಗೆ ಹೋಗಿ ಕೇಳಿದ. ಅವಳಿಗೆ ಆಗ ಮತ್ತೆ ಒಂದು ಪುಟ್ಟ ದೊಡ್ಡಿ ತುಂಬ ಕುರಿ ಆಗಿತ್ತು. ನಿನ್ನ ಹಿಂದೆ ನಾನಾ ಅಂತ ಅವಳು ಗದರಿದಳು, ಗದರಿ ಕೋಲು ತಗೊಂಡಳು.

ಆ ವರ್ಷ ಮಂದೆ ಹೋಯ್ತು, ಮೇಯ್ತು, ವಾಪಸ್ ಬಂತು. ಹೊಳೆ ದಡದಲ್ಲಿ ತಿಪ್ಪಕ್ಕ ಹಿಂದಿನಿಂದ ಬಂದು ನೀರು ನೋಡೋ ತನಕ ಬೊಮ್ಮಣ್ಣ ಒಂದು ಕುರೀನೂ ಇಳಿಸಲಿಲ್ಲ. ಅವಳು ಬೇಡ ಅಂದ ದಿನ ತಂಗಿದರು, ಸರಿ ಅಂದ ದಿನ ದಾಟಿದರು. ಎಲ್ಲಾ ಸುಸೂತ್ರ ಅಂತ ಹೇಳಲ್ಲ ನಾನು. ಹಟ್ಟಿ ಇನ್ನೊಂದು ದಿನದ ದಾರಿ ಇದ್ದಾಗ, ನೀರು ಹತ್ರ ಸಿಗುತ್ತೆ ಅಂತ ಬೊಮ್ಮಣ್ಣ ಮಂದೇನ ಒಂದು ತಗ್ಗಿನಲ್ಲಿ ತಂಗಿಸಿದ, ರಾತ್ರಿ ಮಳೆ ಬಿದ್ದು ತಗ್ಗೆಲ್ಲಾ ನೆನೆದು, ಥಂಡಿಗೆ ಎಳೇ ಮರಿ ಮೂರು ಸೆಟೆದು ಹೋದವಂತೆ. ಬೆಳಿಗ್ಗೆ ಎದ್ದು ನೋಡಿ, ಎಲ್ಲರನ್ನೂ ಕರೆದು, ತಗ್ಗಿನಲ್ಲಿ ತಂಗಿಸಬಾರದಿತ್ತು, ನಾನು ಮಾಡಿದ್ದು ತಪ್ಪಾಯ್ತು ಅಂದ. ತಿಪ್ಪಕ್ಕ ಗೊಣಗಿದಳು. ಒಬ್ಬ ಗುಣಿ ತೋಡಿದ, ಇನ್ನೊಬ್ಬ ಮಣ್ಣು ಎಳೆದ. ಅದು ಯಾರ ತಪ್ಪು ಅಂತ ದಾರೀಲಿ ಯಾರೂ ಪಿಸುಗುಟ್ಟಲಿಲ್ಲ, ಹೇಳಿ ಆಗಿತ್ತಲ್ಲ. ದಿಬ್ಬದ ಮೇಲೆ ನಡೆದು ಸಂಜೆಗೆ ಹಟ್ಟಿ ಸೇರಿದರು, ಬೋರ ಬಾಗಿಲಲ್ಲಿ ಕೂತು ಮಂದೆ ಒಳಗೆ ಬರೋದನ್ನ ನೋಡ್ತಿದ್ದ, ಗಿರಿಯಕ್ಕ ಬಿಸಿನೀರು ಕೊಟ್ಟಳು, ಮೂರೂ ಜನ ಕೂತು ಮುದ್ದೆ ಉಂಡರು, ಉಂಡು ನೆಮ್ಮದಿಯಾಗಿ ಮಲಗಿದರಂತೆ.

ಅವರು ಮಲಗಿದರು, ಕತೆಯೂ ಮಲಗ್ತು. ನೀನೂ ಕಣ್ಣು ಮುಚ್ಚು ಮಗಾ.